ಐಲಾ ದ್ವೀಪದ ಬಾಟಲಿ, ವಲ್ಲಾರ್ಪಾಡದ ಕೆಟಲ್

ಬಾಟಲಿಯ ಬಿರಡೆ ತೆಗೆದ ಕೂಡಲೇ ಪ್ರಯೋಗಾಲಯದಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡು ಒಂದೇ ಮಾತು ಹೇಳಿದರು: ಕಾರ್ಬಾಲಿಕ್. ಆಸ್ಪತ್ರೆಯ ವರಾಂಡ ತೊಳೆಯುವ ಆ ವಾಸನೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ನಾನೂ ಅದನ್ನೇ ಅಂದೆ. ಆಗ ನಾನು ತಿರುವನಂತಪುರದಲ್ಲಿ, ಕೋರ್ಟುಗಳಿಂದ ಬರುವ ವಿಷದ ಪ್ರಕರಣಗಳನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಸಹಾಯಕ ರಸಾಯನಜ್ಞೆ. ಕೇರಳ ರಾಜ್ಯ ಹುಟ್ಟಿ ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಕಾಸರಗೋಡೂ ಅದರೊಳಗೆ ಸೇರಿಹೋದ್ದರಿಂದ ನನಗೆ ಈ ತೆಂಕಣ ತುದಿಯಲ್ಲಿ ಕೆಲಸ, ಅದೇ ಊರಿನ ಪಟ್ಟಂ ಬಡಾವಣೆಯ ಅಣ್ಣನ ಮನೆಯಲ್ಲಿ ವಾಸ. ಪ್ರಯೋಗಾಲಯದಲ್ಲಿ ಹೆಂಗಸು ಅಂತ ಇದ್ದದ್ದು ನಾನೊಬ್ಬಳೇ.

ಪ್ರಕರಣ ಕೊಚ್ಚಿಯದ್ದು. ಹಡಗಿನಿಂದ ಸರಕು ಇಳಿಸುವ ದೋಣಿಯ ನಾಲ್ಕು ಜನ ಕೆಲಸಗಾರರು, ಎಲ್ಲರೂ ವಲ್ಲಾರ್ಪಾಡಂ ದ್ವೀಪದವರು, ಒಂದು ಸಂಜೆ ಒಟ್ಟಿಗೆ ಕೂತು ಕುಡಿದು ಒಬ್ಬರ ಹಿಂದೆ ಒಬ್ಬರು ಸತ್ತಿದ್ದರು. ಸಾಯುವ ಮೊದಲು ಕಣ್ಣು ಕಾಣಿಸುತ್ತಿಲ್ಲ ಎಂದು ಕೂಗಿಕೊಂಡಿದ್ದರಂತೆ. ಕುಡಿದದ್ದು ಆ ನಾಲ್ವರಲ್ಲೇ ಒಬ್ಬನಾದ ಅವರ ಮೇಸ್ತ್ರಿಯ ಮನೆಯಲ್ಲಿ. ಅಲ್ಲಿ ಸಿಕ್ಕಿದ್ದು ಈ ಬಾಟಲಿ, ತಳದಲ್ಲಿ ಎರಡು ಬೆರಳಿನಷ್ಟು ವಿಸ್ಕಿ ಉಳಿದಿತ್ತು. ಅದು ಫೋರ್ಟ್ ಕೊಚ್ಚಿಯ ಒಂದು ಬಿಳಿಯರ ಕಂಪನಿಯ ಗೋಡೌನಿನದ್ದು. ಕಂಪನಿ ಬಾಗಿಲು ಹಾಕುತ್ತಿತ್ತು, ಸಾಮಾನು ಕಟ್ಟಲು ಬಂದ ದೋಣಿಯವರಿಗೆ ಗೋಡೌನಿನ ಕೀಪರ್ ಆ ಬಾಟಲಿಯನ್ನು ಕೈಯಾರೆ ಕೊಟ್ಟಿದ್ದ. ಕೊಟ್ಟದ್ದು ಹೌದು ಅಂತ ಅವನೇ ಒಪ್ಪಿಕೊಂಡಿದ್ದ. ತಾನು ಕದ್ದು ಕುಡಿದು ಖಾಲಿ ಮಾಡಿದ ಬಾಟಲಿಗೆ ಏನೋ ತುಂಬಿಸಿ ದಾಟಿಸಿದ್ದಾನೆ ಎಂಬುದು ಪೊಲೀಸರ ಲೆಕ್ಕಾಚಾರ. ಅವನು ಮಟ್ಟಾಂಚೇರಿಯ ಕೊಂಕಣಿ ಮನುಷ್ಯ, ಸಂಸಾರಸ್ಥ. ಪೊಲೀಸರ ಮಾತು ಕೋರ್ಟಿನಲ್ಲಿ ನಿಂತರೆ ನೇಣಲ್ಲದಿದ್ದರೆ ಜೀವಮಾನವಿಡೀ ಜೈಲು.

ನನ್ನ ಸಹೋದ್ಯೋಗಿಯೊಬ್ಬ ವಿಸ್ಕಿಗೆ ಫೆರಿಕ್ ಕ್ಲೋರೈಡ್ ಹನಿಸಿದ. ಬಣ್ಣ ಕಪ್ಪಾಯಿತು. ವಾಸನೆ ಮೊದಲೇ ಇತ್ತು. ಕಾರ್ಬಾಲಿಕ್ ಆಮ್ಲ ಇದೆ ಎಂದು ಬರೆದು, ನಮ್ಮ ಮುಖ್ಯಸ್ಥರ ಸಹಿ ಹಾಕಿಸಿ ಕಳಿಸಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕೆಲಸ.

ಆ ವರದಿ ಹೋದ ಮೇಲೆ ಕೊಚ್ಚಿಯ ಮ್ಯಾಜಿಸ್ಟ್ರೇಟರಿಂದ ಒಂದೇ ಒಂದು ಪ್ರಶ್ನೆ ಬಂತು. ಕಾರ್ಬಾಲಿಕ್ ಕುಡಿದವರ ತುಟಿ, ಬಾಯಿ ಸುಟ್ಟಿರಬೇಕಲ್ಲ, ಈ ನಾಲ್ವರಿಗೂ ಹಾಗೇನೂ ಆಗಿಲ್ಲ ಅಂತ ಡಾಕ್ಟರು ಹೇಳುತ್ತಾರೆ, ಹಾಗಾದರೆ ಬಾಟಲಿಯಲ್ಲಿ ಇರುವುದು ಎಷ್ಟು? ಸಹೋದ್ಯೋಗಿ ಅಷ್ಟರಲ್ಲಿ ಮದುವೆಯ ರಜೆ ಹಾಕಿ ಊರಿಗೆ ಹೋಗಿದ್ದ. ಬಾಟಲಿ ನನ್ನ ಮೇಜಿಗೆ ಬಂತು.

ಎಷ್ಟು ಎಂದು ತಿಳಿಯಬೇಕಾದರೆ ಮೊದಲು ಬಟ್ಟಿ ಇಳಿಸಬೇಕು. ಕಾರ್ಬಾಲಿಕ್ ಆವಿಯ ಜೊತೆ ಏರಿ ಬರುತ್ತದೆ, ಮರದ ಪೀಪಾಯಿಯಿಂದ ವಿಸ್ಕಿಗೆ ಇಳಿದ ಚೊಗರು ತಳದಲ್ಲೇ ಉಳಿಯುತ್ತದೆ. ಇಳಿದದ್ದಕ್ಕೆ ಬ್ರೋಮಿನ್ ನೀರು ಹಾಕಿದೆ. ಕಾರ್ಬಾಲಿಕ್ ನಿಜಕ್ಕೂ ಇದ್ದರೆ ಮಜ್ಜಿಗೆ ಒಡೆದ ಹಾಗೆ ಬಿಳಿ ಗಸಿ ನಿಲ್ಲಬೇಕಿತ್ತು. ನಿಂತದ್ದು ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಮಸುಕು. ತಳದಲ್ಲಿ ಉಳಿದದ್ದಕ್ಕೆ ಫೆರಿಕ್ ಕ್ಲೋರೈಡ್ ಹಾಕಿದೆ, ಅದು ಕಾಡಿಗೆಯಂತೆ ಕಪ್ಪಾಯಿತು. ಅಂದರೆ ಸಹೋದ್ಯೋಗಿ ಕಂಡ ಕಪ್ಪು ಚೊಗರಿನದ್ದು.

ಅವನು ರಜೆ ಮುಗಿಸಿ ಬಂದ ದಿನ ಕ್ಯಾಂಟೀನಿನಿಂದ ಕಪ್ಪು ಚಹಾ ತರಿಸಿ, ಅದೇ ಫೆರಿಕ್ ಕ್ಲೋರೈಡ್ ನಾಲ್ಕು ಹನಿ ಹಾಕಿ ಅವನ ಮುಂದಿಟ್ಟೆ. ಚಹಾ ಶಾಯಿಯಾಗಿತ್ತು. “ಇದರಲ್ಲೂ ಕಾರ್ಬಾಲಿಕ್ ಉಂಟು ಅಂತ ಬರೆಯುತ್ತೀರಾ?” ಅಂತ ಕೇಳಿದೆ. ಹೊಸ ಮದುಮಗ, ಪಾಪ, ಮುಖ ಸಣ್ಣದು ಮಾಡಿಕೊಂಡ. ನನಗೆ ಅವನ ಮೇಲಿದ್ದ ಸಿಟ್ಟು ಇಳಿಯಲಿಲ್ಲ. ಕೊಚ್ಚಿಯ ಸಬ್‌ಜೈಲಿನಲ್ಲಿ ಒಬ್ಬ ಮನುಷ್ಯ ವರದಿಯ ಆ ಒಂದು ಸಾಲಿನಿಂದಾಗಿ ಕೂತಿದ್ದ.

ಆದರೆ ನಾಲ್ವರು ಸತ್ತದ್ದಂತೂ ಸುಳ್ಳಲ್ಲವಲ್ಲ. ಕಣ್ಣು ಹೋಗಿ ಸತ್ತರು ಅಂದರೆ ಮರದ ಸ್ಪಿರಿಟ್ಟಿನ ಮೇಲೆ, ಅಂದರೆ ಮೆಥನಾಲಿನ ಮೇಲೆ ಅನುಮಾನ ಬರಬೇಕು. ಬಾಟಲಿಯ ವಿಸ್ಕಿಗೆ ಪರ್ಮಾಂಗನೇಟ್ ಹಾಕಿ, ಬಣ್ಣ ಹೋಗಿಸಿ, ಷಿಫ್ ದ್ರಾವಣ ಹಾಕಿ ಕಾದೆ. ಮೆಥನಾಲಿದ್ದರೆ ನೇರಳೆ ಬಣ್ಣ ಏರುತ್ತದೆ. ಏರಲಿಲ್ಲ. ಮತ್ತೆ ಮಾಡಿದೆ, ಆಗಲೂ ಇಲ್ಲ. ಆ ಬಾಟಲಿಯಲ್ಲಿ ಕೊಲ್ಲುವಂಥದ್ದು ಏನೂ ಇರಲಿಲ್ಲ.

ಇನ್ನು ಉಳಿದದ್ದು ಸತ್ತವರ ಜಠರ, ಯಕೃತ್ತಿನ ತುಂಡುಗಳ ಜಾಡಿಗಳು. ಅವನ್ನು ತೆಗೆದು ನೋಡಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇಂಥ ಪ್ರಕರಣದಲ್ಲಿ ಅವನ್ನು ಉಪ್ಪುನೀರಿನಲ್ಲಿ ಇಡಬೇಕು, ಯಾರೋ ಮರದ ಸ್ಪಿರಿಟ್ಟು ಬೆರೆತ ಅಗ್ಗದ ಸ್ಪಿರಿಟ್ಟಿನಲ್ಲಿ ಇಟ್ಟು ಕಳಿಸಿದ್ದರು. ಸ್ಪಿರಿಟ್ಟಿನಲ್ಲಿ ನೆನೆದ ಮಾಂಸದೊಳಗೆ ಸ್ಪಿರಿಟ್ಟು ಹುಡುಕುವುದು ಹೇಗೆ? ನೇರಳೆ ಬಣ್ಣ ಬಂತು, ನಿಜ. ಅದು ಸತ್ತವನ ಹೊಟ್ಟೆಯದ್ದೋ ಜಾಡಿಯದ್ದೋ ಎಂದು ಯಾವ ವಕೀಲ ಬೇಕಾದರೂ ಕೇಳಬಹುದಿತ್ತು.

ಎಲ್ಲವನ್ನೂ ತೆಗೆದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಮೈಸೂರು ಕಡೆಯವರು. ಇಡೀ ಕಚೇರಿಯಲ್ಲಿ ಕನ್ನಡ ಆಡುವವರು ನಾವಿಬ್ಬರೇ, ಅದರಲ್ಲೂ ಅವರ ಕನ್ನಡ ಒಂದು, ನನ್ನದು ಇನ್ನೊಂದು. ಎಳೆಯ ವಯಸ್ಸಿನಲ್ಲಿ ಗ್ಲಾಸ್ಗೋದಲ್ಲಿ ಓದಿ ಬಂದವರು. ಈಗ ಪಾನನಿಷೇಧದ ಸಭೆ ಎಲ್ಲಿ ನಡೆದರೂ ಹಾರ ಹಾಕಿಸಿಕೊಂಡು ಭಾಷಣ ಮಾಡುವವರು. ಮೊದಲ ವರದಿಗೆ ಸಹಿ ಹಾಕುವಾಗ ಅವರು ಬಾಟಲಿಯನ್ನು ನೋಡಿಯೂ ಇರಲಿಲ್ಲ. ನಾನು ಬಿರಡೆ ತೆಗೆದು ಕೊಟ್ಟೆ. ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ತಂದರು. ಎದ್ದು ಬಾಗಿಲು ಹಾಕಿ ಬಂದರು.

“ಕೂತ್ಕೊಳಮ್ಮಾ. ಇದು ಕಾರ್ಬಾಲಿಕ್ ಅಲ್ಲ. ಇದು ಐಲಾ.”

“ಐಲಾ ಅಂದ್ರೆ ಎಂತ ಸರ್?”

“ಸ್ಕಾಟ್‌ಲೆಂಡಿನ ಪಶ್ಚಿಮಕ್ಕಿರೋ ಒಂದು ದ್ವೀಪ. ಅಲ್ಲಿ ಮರ ಕಮ್ಮಿ. ಜೌಗು ನೆಲದ ಕಪ್ಪು ಮಣ್ಣನ್ನ ಇಟ್ಟಿಗೆ ಥರ ಕೊಯ್ದು ಒಣಗಿಸಿ ಉರಿಸ್ತಾರೆ. ಬಾರ್ಲಿ ಮೊಳಕೆ ಬರ್ಸಿ, ಆ ಹೊಗೆ ಮೇಲೆ ಒಣಗಿಸ್ತಾರೆ. ಆ ಹೊಗೆ ಕಾಳಿಗೆ ಹತ್ತಿದ್ದು ಬಟ್ಟಿ ಇಳ್ಸಿದ್ರೂ ಹೋಗಲ್ಲ, ಪೀಪಾಯೀಲಿ ಹತ್ತು ವರ್ಷ ಇಟ್ರೂ ಹೋಗಲ್ಲ. ಅಲ್ಲಿ ಮಾಲ್ಟ್, ಅಂದ್ರೆ ಈ ಮೊಳಕೆ ಬಾರ್ಲಿ ವಿಸ್ಕಿ, ಎಲ್ಲಾ ಹೀಗೇನೇ, ಆಸ್ಪತ್ರೆ ವಾಸನೆ.”

ನನಗೆ ಅರ್ಥವಾಗಲು ಕಷ್ಟವಾಗಲಿಲ್ಲ. ನಮ್ಮೂರಲ್ಲಿ ಮಳೆಗಾಲದಲ್ಲಿ ಚಿಪ್ಪಿನ ಹೊಗೆ ಹಾಕಿ ಒಣಗಿಸಿದ ಕೊಬ್ಬರಿಯ ಎಣ್ಣೆಯಲ್ಲೂ ಹೊಗೆ ಕಡೆಯವರೆಗೂ ಇರುತ್ತದೆ. ಅರ್ಥವಾಗದೆ ಉಳಿದದ್ದು ಬೇರೆ. “ಹಾಗಾದ್ರೆ ನೀವೇ ಇದನ್ನು ಕೋರ್ಟಿಗೆ ಬರೆಯಬಹುದಲ್ಲ ಸರ್?”

“ಬರೆದ್ರೆ, ನಿಮಗೆ ಹೇಗೆ ಗೊತ್ತು ಅಂತ ಕೇಳ್ತಾರೆ.”

“ಗ್ಲಾಸ್ಗೋದಲ್ಲಿ ಕುಡಿದಿದ್ದೆ ಅಂತ ಹೇಳಿ.”

ಅವರು ನನ್ನ ಮುಖ ನೋಡಲಿಲ್ಲ. ಊರ ಮುಂದೆ ಆಡಿದ ಮಾತು, ಹೆಂಡತಿಯ ತಂದೆ, ನಡೆಯಬೇಕಿದ್ದ ಮಗಳ ಮದುವೆ, ಎಲ್ಲ ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗ ನನಗೆ ಹೊಳೆಯಿತು: ಈ ಕಟ್ಟಡದಲ್ಲಿ ಆ ವಾಸನೆ ಗೊತ್ತಿದ್ದವರು ಇವರೊಬ್ಬರೇ ಇರಲಾರರು. ಕ್ಲಬ್ಬಿಗೆ ಹೋಗುವವರು ಇನ್ನೂ ಇಬ್ಬರು ಮೂವರಿದ್ದರು, ಅವರೂ ಮೂಗು ಮುಚ್ಚಿಕೊಂಡೇ ಕಾರ್ಬಾಲಿಕ್ ಅಂದಿದ್ದರು. ಗೊತ್ತಿದೆ ಅಂದರೆ ಕುಡಿದಿದ್ದೇನೆ ಅಂದ ಹಾಗೆ. ಇಷ್ಟು ಜನ ಮರ್ಯಾದಸ್ಥರ ನಡುವೆ ಸಿಕ್ಕಿಬಿದ್ದವನು ಹೊರಗೆ ಬರುವುದು ಹೇಗೆ?

ಆದರೂ ದಾರಿ ತೋರಿಸಿದವರು ಅವರೇ. ಅದೇ ಗೋಡೌನಿನಿಂದ, ಸೀಸದ ಮುದ್ರೆ ಒಡೆಯದ ಅದೇ ಜಾತಿಯ ಬಾಟಲಿ ತಂದು ಹೋಲಿಸಬೇಕು, ಬೇರೆ ಸೀಮೆಯ ಮಾಲ್ಟುಗಳನ್ನೂ ತರಬೇಕು ಅಂದರು. “ಮತ್ತೆ, ಆ ನಾಲ್ಕು ಜನ ಬಾಟಲಿಗೇ ಬಾಯಿ ಹಾಕಿ ಕುಡಿದ್ರಾ? ಅದನ್ನೂ ವಿಚಾರಿಸು.” ಕೋರ್ಟಿನ ಅಪ್ಪಣೆ ತರಿಸಿ ನನ್ನನ್ನು ಕೊಚ್ಚಿಗೆ ಕಳಿಸಿದರು.

ಬಸ್ಸಿನಲ್ಲಿ ದಿನವಿಡೀ ಕೂತು ಎರ್ನಾಕುಳಂ ಸೇರಿದೆ. ಮರುದಿನ ಫೋರ್ಟ್ ಕೊಚ್ಚಿಯ ಗೋಡೌನಿನ ಬಾಗಿಲಿಗೆ ಕೀಪರನನ್ನು ಕೋಳ ಹಾಕಿ ಕರೆತಂದರು, ಯಾವ ಬಾಟಲಿ ಯಾವ ಪೆಟ್ಟಿಗೆಯದ್ದು ಎಂದು ತೋರಿಸಲು. ಐವತ್ತರ ಆಸುಪಾಸಿನ ಮನುಷ್ಯ. ಗಡ್ಡ ಬಂದಿತ್ತು, ಜನಿವಾರ ಕೊಳೆಯಾಗಿತ್ತು. ಕೊಂಕಣಿ ನನಗೆ ಊರಿನಿಂದಲೇ ಗೊತ್ತು. ಅವನ ಭಾಷೆಯಲ್ಲೇ ಕೇಳಿದೆ, ಇಷ್ಟು ಬಾಟಲಿ ಇರುವಾಗ ಅದನ್ನೇ ಯಾಕೆ ಕೊಟ್ಟಿರಿ ಅಂತ.

“ಅದು ಯಾರಿಗೂ ಬೇಡದ ಮಾಲು, ಅಕ್ಕಾ. ಔಷಧಿ ವಾಸನೆ ಅಂತ ಬಿಳಿ ಸಾಹೇಬರೇ ಮುಟ್ಟುತ್ತಿರಲಿಲ್ಲ. ದೋಣಿಯವರು ಹಬ್ಬಕ್ಕೆ ಏನಾದರೂ ಕೊಡಿ ಅಂತ ಪೀಡಿಸಿದರು. ಒಳ್ಳೆಯದನ್ನು ಕೊಟ್ಟಿದ್ದರೆ ಕಳ್ಳ ಅಂತ ಜೈಲಿಗೆ ಹೋಗುತ್ತಿದ್ದೆ. ಕಳ್ಳನಿಗೆ ನೇಣು ಇಲ್ಲವಲ್ಲ.”

ಅಷ್ಟು ಹೇಳಿ ಅವನು ಗೋಡೆಗೆ ಒರಗಿ ಸದ್ದಿಲ್ಲದೆ ಅತ್ತ. ಪೊಲೀಸಿನವನು ಬೇರೆ ಕಡೆ ನೋಡಿದ. ನಾನು ಬಾಟಲಿಗಳ ಕುತ್ತಿಗೆಗೆ ಚೀಟಿ ಕಟ್ಟಿ ಅರಗಿನ ಮುದ್ರೆ ಒತ್ತುತ್ತಾ ಇದ್ದೆ.

ತನಿಖೆಯ ಇನ್ಸ್‌ಪೆಕ್ಟರರನ್ನು ಕಂಡು, ಸತ್ತವರು ಯಾವುದರಲ್ಲಿ ಸುರಿದುಕೊಂಡು ಕುಡಿದರು ಎಂದು ಕೇಳಿದೆ. ಬಾಟಲಿ ಸಿಕ್ಕಿದೆಯಲ್ಲ, ಇನ್ನೇನು ಬೇಕು ಅಂದರು. ವಲ್ಲಾರ್ಪಾಡಂಗೆ ನನ್ನ ಜೊತೆ ಬನ್ನಿ ಎಂದರೆ, ಕೇಸು ಮುಗಿದಿದೆ, ಬೇಕಾದರೆ ಮನೆ ತೋರಿಸಲು ಒಬ್ಬ ಕಾನ್‌ಸ್ಟೇಬಲನ್ನು ಕಳಿಸುತ್ತೇನೆ ಅಂದರು. ಹೆಂಗಸಿನ ಉಪದ್ವ್ಯಾಪ ಎಂದು ಅವರ ಮುಖದಲ್ಲೇ ಬರೆದಿತ್ತು. ಬರೆದುಕೊಂಡಿರಲಿ ಎಂದು ದೋಣಿ ಹತ್ತಿದೆ.

ಹಿನ್ನೀರು ದಾಟಿ ದ್ವೀಪದಲ್ಲಿ ಇಳಿದು ಸೀಗಡಿ ಸಾಕುವ ಕೆರೆಗಳ ನಡುವಿನ ಬದುವಿನ ಮೇಲೆ ನಡೆದರೆ ಸತ್ತ ಮೇಸ್ತ್ರಿಯ ಮನೆ. ಅವನ ಹೆಂಡತಿ ಚಟ್ಟೆ ಎಂಬ ಬಿಳಿ ರವಿಕೆ ತೊಟ್ಟು, ಬಿಳಿ ಮುಂಡಿನ ಪಂಚೆ ಉಟ್ಟು ಹೊರಗೆ ಬಂದಳು. ನನಗಿಂತ ಚಿಕ್ಕವಳು, ನನ್ನನ್ನು ಚೇಚೀ, ಅಂದರೆ ಅಕ್ಕಾ, ಎಂದು ಕರೆದಳು. ಅಂಗಳದಲ್ಲಿ ಆಗಲೇ ಮೂವರು ಹೆಂಗಸರು ಕೂತು ಸೀಗಡಿ ಸುಲಿಯುತ್ತಿದ್ದರು, ಉಳಿದ ಮೂವರ ಹೆಂಡಂದಿರು ಅವರೇ. ಗಂಡಂದಿರು ಹೋದ ಮೇಲೆ ನಾಲ್ವರೂ ಒಂದೇ ಒಲೆಯಲ್ಲಿ ಗಂಜಿ ಬೇಯಿಸಿಕೊಳ್ಳುತ್ತಿದ್ದರಂತೆ.

ಯಾವುದರಲ್ಲಿ ಕುಡಿದರು ಎಂದು ಮಲಯಾಳದಲ್ಲಿ ಕೇಳಿದೆ. ಅವಳು ಒಳಗೆ ಹೋಗಿ ಅಟ್ಟದಿಂದ ಒಂದು ಅಲ್ಯೂಮಿನಿಯಂ ಕೆಟಲ್ ತಂದಳು. ಅದರ ಮೂತಿಗೆ ಬಟ್ಟೆ ತುರುಕಿ, ಮುಚ್ಚಳದ ಸುತ್ತ ಮೇಣದ ಬತ್ತಿಯ ಮೇಣ ಸುರಿದು ಮುಚ್ಚಿದ್ದಳು. ಕುಲುಕಿದರೆ ಒಳಗೆ ಸದ್ದಾಗುತ್ತಿತ್ತು.

“ಬಾಟಲಿಯದ್ದನ್ನು ಇದರಲ್ಲಿ ಸುರಿದು ಕುಡಿದದ್ದು, ಚೇಚೀ. ಮಕ್ಕಳು ಕುಡಿದುಬಿಟ್ಟಾರು ಅಂತ ಹೀಗೆ ಮಾಡಿ ಮೇಲಿಟ್ಟೆ. ಪೊಲೀಸರಿಗೂ ತೋರಿಸಿದೆ. ಬಾಟಲಿ ಸಾಕು ಅಂದರು.”

ಚೆಲ್ಲದೆ ಇಟ್ಟಿದ್ದಾಳಲ್ಲ ಎಂದು ನನಗೆ ಜೀವ ಬಂದ ಹಾಗಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿದೆ. “ಇದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಪರೀಕ್ಷೆ ಮಾಡಿದ ಮೇಲೆ ಇದು ಯಾರ ತಲೆ ಮೇಲೆ ಬರುತ್ತದೋ ಅದೂ ಗೊತ್ತಿಲ್ಲ. ಯೋಚಿಸಿ ಕೊಡಿ.”

“ಯೋಚಿಸುವುದೇನು? ಕೊಂದವನಿಗೆ ಶಿಕ್ಷೆ ಆಗಬೇಕು. ಒಯ್ಯಿರಿ.” ಅಂಗಳದಲ್ಲಿದ್ದ ಮೂವರೂ ಹೌದು ಹೌದು ಅಂದರು.

ವಶಪಡಿಸಿಕೊಂಡ ಪಂಚನಾಮೆ ಬರೆಯಿರಿ ಎಂದು ಕಾನ್‌ಸ್ಟೇಬಲನಿಗೆ ಹೇಳಿದೆ. ದಾರಿ ತೋರಿಸಲು ಮಾತ್ರ ಅಪ್ಪಣೆ ಇದೆ ಅಂದ. ಕೆಟಲನ್ನು ನಾನೇ ಬಟ್ಟೆಯಲ್ಲಿ ಕಟ್ಟಿ, ಪ್ರಯೋಗಾಲಯದ ಮುದ್ರೆ ಒತ್ತಿ, ಚೀಟಿಯ ಮೇಲೆ ಅವಳ ಹೆಬ್ಬೆಟ್ಟು ತೆಗೆದುಕೊಂಡೆ. ಬಸ್ಸಿನಲ್ಲಿ ತಿರುವನಂತಪುರದವರೆಗೂ ಮಡಿಲಿಂದ ಇಳಿಸಲಿಲ್ಲ.

ಶನಿವಾರ ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ಮುಖ್ಯಸ್ಥರು ತಾವೇ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟರು. ಪ್ರತಿಯೊಂದರಲ್ಲೂ ಒಂದೊಂದು ಸೀಮೆಯ ಮಾಲ್ಟ್ ಸ್ವಲ್ಪ, ಅಷ್ಟೇ ನೀರು, ಮೇಲೊಂದು ಗಾಜಿನ ಬಿಲ್ಲೆ. ನೀರು ಬೆರೆಸದಿದ್ದರೆ ಬರೀ ಉರಿ ಮೂಗಿಗೆ ಹೊಡೆಯುತ್ತದೆ, ಒಳಗಿನ ವಾಸನೆ ಗೊತ್ತಾಗುವುದಿಲ್ಲ ಅಂದರು. ಅಂಗೈ ಬಿಸಿಯಲ್ಲಿ ಹಿಡಿದು, ಬಿಲ್ಲೆ ಸರಿಸಿ, ಒಂದು ಸಲ ಮೂಸಿ ಕೆಳಗಿಡಬೇಕು. ನಡುವೆ ಸ್ವಂತ ಸೆರಗು ಮೂಸಿಕೊಂಡರೆ ಮೂಗು ಮತ್ತೆ ಹದಕ್ಕೆ ಬರುತ್ತದೆ.

ಮೊದಲನೆಯದು ಸ್ಕಾಟ್‌ಲೆಂಡಿನ ತಗ್ಗು ಸೀಮೆ ಲೋಲ್ಯಾಂಡಿನದ್ದು. ಹಸಿ ಹುಲ್ಲು, ನಿಂಬೆಯ ಸಿಪ್ಪೆ, ಗಂಜಿಯ ತಿಳಿ. ಸಾಧು ಪ್ರಾಣಿ. ಎರಡನೆಯದು ಸ್ಪೇ ನದಿಯ ಕಣಿವೆಯದ್ದು. ಸೇಬು, ಜೇನು, ಒಣದ್ರಾಕ್ಷಿ, ಹಬ್ಬದ ಅಡುಗೆಮನೆಯ ಹಾಗೆ ಇತ್ತು, ನಾಚಿಕೆ ಬಿಟ್ಟು ಹೇಳಬೇಕೆಂದರೆ ಇಷ್ಟವಾಯಿತು. ಮೂರನೆಯದು ಹೈಲ್ಯಾಂಡಿನ ಬಡಗಣ ಕರಾವಳಿಯದ್ದು, ಒಣಗಿದ ಹೂವು, ಮೆಣಸಿನ ಖಾರ. ನಾಲ್ಕನೆಯದು ಕ್ಯಾಂಬೆಲ್‌ಟೌನ್ ಎಂಬ ಬಂದರಿನದ್ದು, ಒದ್ದೆ ಹಗ್ಗ, ಉಪ್ಪು, ದೋಣಿಗೆ ಬಳಿಯುವ ಎಣ್ಣೆ. ಐದನೆಯದು ಸೀಸದ ಮುದ್ರೆ ನನ್ನ ಕಣ್ಣೆದುರೇ ಒಡೆದ ಐಲಾ. ಬಿಲ್ಲೆ ಸರಿಸಿದ್ದೇ ತಡ, ಆಸ್ಪತ್ರೆ, ಅಯೋಡಿನ್, ಬಚ್ಚಲ ಒಲೆಯಲ್ಲಿ ಹಸಿ ಸೌದೆ ತುರುಕಿದ ಹೊಗೆ. ಸತ್ತವರ ಮನೆಯ ಬಾಟಲಿಯದ್ದೂ ಅದೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ.

“ಈಗ ನಾಲಿಗೆ ಮೇಲೊಂದು ತೊಟ್ಟು. ನುಂಗ್ಬೇಡ, ಉಗುಳು,” ಅಂದರು.

“ಮೂಗಿಗೆ ಗೊತ್ತಾಯ್ತಲ್ಲ ಸರ್.”

“ಕೋರ್ಟಲ್ಲಿ ಮೂಗು ಅಂದ್ರೆ ನಗ್ತಾರೆ. ಹೊಗೆ ರುಚಿ ಕಾಳಿನ ಒಳಗಿಂದ ಬಂದಿದ್ರೆ ಕಡೇವರೆಗೂ ಒಂದೇ ಸಮ ಇರತ್ತೆ. ಮೇಲಿಂದ ಕಾರ್ಬಾಲಿಕ್ ಹಾಕಿದ್ರೆ ನಾಲಿಗೆ ಮರಗಟ್ಟತ್ತೆ. ನೀನು ಸಾಕ್ಷಿ ಹೇಳೋಳು, ನಿಂಗೆ ಗೊತ್ತಿರ್ಬೇಕು.”

ಹುಟ್ಟಿದ ಮನೆಯಲ್ಲಿ ಈರುಳ್ಳಿ ಕೂಡ ಒಳಗೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಇಟ್ಟುಕೊಂಡೆ. ಉರಿಯಿತು, ಆಮೇಲೆ ಸಿಹಿ, ಆಮೇಲೆ ಉದ್ದಕ್ಕೂ ಹೊಗೆ. ನಾಲಿಗೆ ಮರಗಟ್ಟಲಿಲ್ಲ.

ಕೊನೆಗೆ ಕೆಟಲಿನ ಮೇಣ ಬಿಡಿಸಿದೆ. ಅದನ್ನು ನಾಲಿಗೆಗೆ ಮುಟ್ಟಿಸುವ ಮಾತಿರಲಿಲ್ಲ, ಮೂಸಿದ್ದು ಮಾತ್ರ. ಮೇಲೆ ಅದೇ ಹೊಗೆ. ಆ ಹೊಗೆಯ ಕೆಳಗೆ, ಮೂಗು ಹದಗೊಳ್ಳದೆ ಇದ್ದಿದ್ದರೆ ಗೊತ್ತೇ ಆಗದಷ್ಟು, ಬಡಗಿಯ ಕೊಟ್ಟಿಗೆಯ ವಾಸನೆ. ಅರಗು ಕರಗಿಸುವ ಸ್ಪಿರಿಟ್ಟು. ಬಟ್ಟಿ ಇಳಿಸಿ ಷಿಫ್ ದ್ರಾವಣ ಹಾಕಿದಾಗ ನೇರಳೆ ಬಣ್ಣ ಏರಿತು. ಏರುತ್ತಾ ಹೋಗಿ ಬದನೆಕಾಯಿಯ ಕಡು ಬಣ್ಣಕ್ಕೆ ಬಂದು ನಿಂತಿತು. ಧಾನ್ಯದಿಂದ ಇಳಿಸಿದ ಮದ್ಯವನ್ನು ಗುರುತಿಸುವ ಅನಿಲಿನ್ ಪರೀಕ್ಷೆಗೆ ಕೆಂಪೂ ಬಂತು, ಅಂದರೆ ಒಳಗೆ ಮಾಲ್ಟೂ ಇತ್ತು. ಬಾಟಲಿಯದ್ದನ್ನು ಕೆಟಲಿಗೆ ಸುರಿದು, ಸಾಲದೆಂದು ಯಾರೋ ಮರದ ಸ್ಪಿರಿಟ್ಟು ಬೆರೆಸಿದ್ದರು. ಬೆರೆಸಿದ್ದು ಆ ಮನೆಯಲ್ಲಿ, ಗೋಡೌನಿನಲ್ಲಲ್ಲ.

“ಲೋಲ್ಯಾಂಡಿಂದೋ ಸ್ಪೇದೋ ಕೊಟ್ಟಿದ್ರೆ,” ಮುಖ್ಯಸ್ಥರು ಲೋಟಗಳ ಸಾಲನ್ನು ನೋಡುತ್ತಾ ಹೇಳಿದರು, “ಸ್ಪಿರಿಟ್ಟು ಬೆರೆಸಿದ ಕೂಡ್ಲೇ ನಾತ ಹೊಡೆಯೋದು, ಯಾರೂ ಬಾಯಿಗಿಡ್ತಿರಲಿಲ್ಲ. ಇದೊಂದಕ್ಕೇ ಕಣಮ್ಮಾ ಮುಚ್ಚಿ ಹಾಕೋ ಶಕ್ತಿ.”

ಕಳ್ಳ ಅನ್ನಿಸಿಕೊಳ್ಳಬಾರದೆಂದು ಯಾರಿಗೂ ಬೇಡದ ಬಾಟಲಿ ಆರಿಸಿ ಕೊಟ್ಟ ಆ ಮನುಷ್ಯನ ನೆನಪಾಯಿತು. ಲೋಟಗಳನ್ನು ತೊಳೆಯಲು ಎದ್ದೆ.

ಎರಡನೇ ವರದಿ ಬರೆದೆ. ಮೊದಲ ವರದಿ ತಪ್ಪು, ಬಾಟಲಿ ನಿರಪಾಯ, ಕೆಟಲ್ ವಿಷ. ಮುಖ್ಯಸ್ಥರು ಎರಡು ದಿನ ಇಟ್ಟುಕೊಂಡು ಸಹಿ ಹಾಕದೆ ಹಿಂದೆ ಕೊಟ್ಟರು. “ಪರೀಕ್ಷೆ ಮಾಡಿದವಳು ನೀನು, ನೀನೇ ಹಾಕು. ಬೇಡ ಅಂದ್ರೆ ಮೊದಲ್ನೇದೇ ಇರ್ಲಿ, ಪ್ರಮಾಣ ಅಳೆಯಕ್ಕಾಗ್ಲಿಲ್ಲ ಅಂತ ಬರೆದ್ಬಿಡೋಣ.” ಆ ಮಾತು ಕೇಳಿ ನನಗೆ ಅವರ ಮೇಲೆ ಇದ್ದ ಗೌರವವೆಲ್ಲ ಒಮ್ಮೆಗೇ ಹೋಯಿತು. ಅವರ ಮೇಜಿನ ಮೇಲಿದ್ದ ಪೆನ್ನನ್ನೇ ಎತ್ತಿಕೊಂಡು ಅಲ್ಲೇ ನಿಂತು ಸಹಿ ಹಾಕಿದೆ. ವಿಚಾರಣೆ ಶುರುವಾಗುವ ವಾರ ಅವರು ಕಾಯಿಲೆ ಎಂದು ರಜೆ ಹಾಕಿದರು.

ವಿಸ್ಕಿ ನಾಲಿಗೆಗೆ ಮುಟ್ಟಿಸಿದ್ದನ್ನು ಮನೆಯಲ್ಲಿ ಅತ್ತಿಗೆಗೆ ಹೇಳದೆ ಇರಲಾಗಲಿಲ್ಲ, ಕೋರ್ಟಿನಲ್ಲಿ ಹೇಳಿದ್ದು ಪೇಪರಿನಲ್ಲಿ ಬಂದೇ ಬರುತ್ತದೆ. ಆವತ್ತಿನಿಂದ ನನ್ನ ಲೋಟ ತಟ್ಟೆ ಅಡುಗೆಮನೆಯ ಹೊರಗಿನ ಗೂಡಿನಲ್ಲಿ ಇರತೊಡಗಿತು. ಅಣ್ಣ ನೋಡಿದ, ಊಟಕ್ಕೆ ಕೂತ.

ಎರ್ನಾಕುಳದ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಬಾಟಲಿಯ ವಿಚಾರ ಬಿಟ್ಟು ನನ್ನಿಂದಲೇ ಆರಂಭಿಸಿದರು.

“ನೀವು ಮದ್ಯಪಾನ ಮಾಡುತ್ತೀರೋ?”

“ಇಲ್ಲ.”

“ಈ ವಿಸ್ಕಿಯ ರುಚಿ ನೋಡಿದ್ದೇನೆ ಅಂತ ವರದಿಯಲ್ಲಿದೆ.”

“ನಾಲಿಗೆಗೆ ಮುಟ್ಟಿಸಿ ಉಗುಳಿದ್ದೇನೆ. ನಮ್ಮ ಕೆಲಸದಲ್ಲಿ ಸತ್ತವರ ಹೊಟ್ಟೆಯನ್ನೂ ಕೊಯ್ದು ನೋಡುತ್ತೇವೆ. ನನಗೆ ಅದರ ಚಟ ಇದೆಯಾ ಅಂತ ಯಾರೂ ಕೇಳುವುದಿಲ್ಲ.”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ತಲೆ ಎತ್ತಿದ ಮೇಲೆ ಸುಮ್ಮನಾದರು. ಮೊಳಕೆ ಬಂದ ಬಾರ್ಲಿ, ಜೌಗು ಮಣ್ಣಿನ ಹೊಗೆ, ಐದು ಸೀಮೆ ಎಲ್ಲ ಹೇಳಿದೆ. ಸೀಸದ ಮುದ್ರೆಯ ಬಾಟಲಿಯಲ್ಲೂ ಸತ್ತವರ ಮನೆಯ ಬಾಟಲಿಯಲ್ಲೂ ಅದೇ ಮಸುಕು, ಅಷ್ಟೇ ಪ್ರಮಾಣ ಎಂದು ತೋರಿಸಿದೆ. ನ್ಯಾಯಾಧೀಶರು ಬಾಟಲಿ ತರಿಸಿ ತಾವೇ ಮೂಸಿ ನೋಡಿದರು. ಮೂಸಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಅವರಿಗೂ ಅದು ಹೊಸದಲ್ಲ. ಬಿರಡೆ ಹಾಕಿ ಬರೆದುಕೊಂಡರು.

ಆಮೇಲೆ ಸರ್ಕಾರಿ ವಕೀಲರು ಕೆಟಲಿಗೆ ಬಂದರು. ಪಂಚನಾಮೆ ಎಲ್ಲಿ? ಪೊಲೀಸಿನವರ ಸಹಿ ಎಲ್ಲಿ? ಇದು ಆ ಮನೆಯದ್ದೇ ಎನ್ನಲು ಏನು ಆಧಾರ? ತಿರುವನಂತಪುರದ ಪೇಟೆಯಲ್ಲಿ ಕೊಂಡು, ಬೇಕಾದ್ದು ಬೆರೆಸಿ ತಂದದ್ದಲ್ಲ ಎನ್ನಲು ಏನು ಆಧಾರ? ಚೀಟಿಯ ಮೇಲಿನ ಹೆಬ್ಬೆಟ್ಟು ತೋರಿಸಿದೆ. ಅದನ್ನು ಒತ್ತಿದವಳು ಬಂದು ಹೇಳಲಿ ಅಂದರು. ಕೆಟಲ್ ಬಿದ್ದುಹೋದರೆ ನನ್ನ ವರದಿಯ ಅರ್ಧ ಹೋದಂತೆ. ಬಾಟಲಿ ಕೊಲ್ಲಲಿಲ್ಲ ಅಂದರೆ ಏನು ಕೊಂದಿತು ಎಂಬ ಪ್ರಶ್ನೆ ಹಾಗೇ ನಿಲ್ಲುತ್ತದೆ, ಕಟಕಟೆಯಲ್ಲಿ ನಿಂತವನು ಹಾಗೇ ನಿಂತಿರುತ್ತಾನೆ.

ಅವಳನ್ನು ಕರೆದರು. ಅವಳು ಉಳಿದ ಮೂವರ ಜೊತೆ ಒಂದೇ ಬೆಂಚಿನಲ್ಲಿ ಕೂತು, ಬೆಳಗಿನಿಂದ ನನ್ನ ಸಾಕ್ಷ್ಯವನ್ನೆಲ್ಲ ಕೇಳಿದ್ದಳು. ದುಭಾಷಿ ಒಂದೊಂದನ್ನೂ ಮಲಯಾಳದಲ್ಲಿ ಹೇಳಿದ್ದ. ಕೆಟಲಿನ ವಿಷ ಮನೆಯಲ್ಲಿ ಬೆರೆತದ್ದು ಅಂದರೆ ಯಾರ ಕೈ ಎಂದು ಆ ಬೆಂಚಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಟಕಟೆಗೆ ಬಂದವಳಿಗೆ ಸರ್ಕಾರಿ ವಕೀಲರು ದಾರಿಯನ್ನು ಸಲೀಸು ಮಾಡಿಕೊಟ್ಟರು. “ಇಂಥ ಕೆಟಲ್ ಎಲ್ಲರ ಮನೆಯಲ್ಲೂ ಇರುತ್ತದೆ. ಇದು ನಿಮ್ಮದೇ ಎಂದು ಹೇಳಲಾಗುವುದಿಲ್ಲ, ಅಲ್ಲವೇ?”

ನಮ್ಮದಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಗಂಡ ಬೇರೆಯವನ ಕೈಯಿಂದ ಸತ್ತವನಾಗಿ ಉಳಿಯುತ್ತಿದ್ದ. ಅವಳು ಕೆಟಲನ್ನು ನೋಡಲಿಲ್ಲ. ಎದುರು ಕಟಕಟೆಯಲ್ಲಿ ನಿಂತ ಕೀಪರನನ್ನು ಬಹಳ ಹೊತ್ತು ನೋಡಿದಳು. ಅವನು ತಲೆ ಎತ್ತಿರಲಿಲ್ಲ.

“ನಮ್ಮದೇ,” ಅಂದಳು. “ಬಾಟಲಿಯದ್ದು ನಾಲ್ವರಿಗೆ ಸಾಲದು ಅಂತ ನನ್ನ ಗಂಡ ದೋಣಿ ಕಟ್ಟುವ ಬಡಗಿಯ ಹತ್ತಿರದಿಂದ ತಗಡಿನ ಡಬ್ಬಿಯಲ್ಲಿ ಸ್ಪಿರಿಟ್ಟು ತಂದ. ಇದಕ್ಕೇ ಸುರಿದ. ನಾನು ಒಲೆ ಹತ್ತಿರ ಇದ್ದೆ, ನೋಡಿದೆ. ಮೊದಲೂ ಹಾಗೆ ಬೆರೆಸಿ ಕುಡಿದದ್ದುಂಟು, ಏನೂ ಆಗಿರಲಿಲ್ಲ. ಅದಕ್ಕೇ ನನಗೆ ಬಾಟಲಿಯ ಮೇಲೇ ಅನುಮಾನ ಇತ್ತು. ಅವನಿಗೂ ಗೊತ್ತಿರಲಿಲ್ಲ, ಸಾರ್. ಗೊತ್ತಿದ್ದರೆ ತಾನು ಕುಡಿಯುತ್ತಿರಲಿಲ್ಲ.”

ಕೊನೆಯ ಮಾತು ಬೆಂಚಿನ ಕಡೆಗೆ ತಿರುಗಿ ಹೇಳಿದ್ದು. ಬೆಂಚಿನಲ್ಲಿದ್ದ ಮೂವರಲ್ಲಿ ಒಬ್ಬಳು ಎದ್ದಳು, ಉಳಿದಿಬ್ಬರೂ ಎದ್ದರು. ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಅವಳು ಕೆಳಗಿಳಿದು ಬಂದು ಅದೇ ಬೆಂಚಿನಲ್ಲಿ ಒಬ್ಬಳೇ ಕೂತಳು.

ತೀರ್ಪಿನ ದಿನ ನನ್ನನ್ನು ಯಾರೂ ಕರೆಸಿರಲಿಲ್ಲ, ನಾನೇ ರಜೆ ಹಾಕಿ ಹೋಗಿದ್ದೆ. ಕೀಪರನನ್ನು ಬಿಟ್ಟರು. ಹೊರಗೆ ಅವನ ಮನೆಯವರು ಕಾದಿದ್ದರು, ಹೆಂಡತಿ ಅವನ ತೋಳು ಹಿಡಿದುಕೊಂಡಳು, ಬಿಡಲಿಲ್ಲ. ಅವನು ನನ್ನನ್ನು ಕಂಡು ಕೈ ಮುಗಿಯಲು ನೋಡಿದ, ಹೆಂಡತಿ ಹಿಡಿದಿದ್ದ ಕೈ ಬಿಡಿಸಿಕೊಳ್ಳಲಾಗದೆ ಒಂದೇ ಕೈ ಎತ್ತಿದ. ನನಗೆ ಅಷ್ಟು ಸಂತೋಷ ಆ ವರ್ಷದಲ್ಲಿ ಇನ್ನೊಮ್ಮೆ ಆಗಲಿಲ್ಲ.

ಬೋಟ್ ಜೆಟ್ಟಿಯ ಕಡೆ ನಡೆದು ಬಂದೆ. ವಲ್ಲಾರ್ಪಾಡಂನ ದೋಣಿ ಹೊರಡುವುದರಲ್ಲಿತ್ತು. ಮೂವರು ಹೆಂಗಸರು ಹತ್ತಿ ಕೂತಿದ್ದರು. ಅವಳು ದಡದಲ್ಲಿ ನಿಂತಿದ್ದಳು. ದೋಣಿಯವನು ಹಗ್ಗ ಹಿಡಿದು ಅವಳ ಕಡೆ ನೋಡಿದ. ಒಳಗಿದ್ದವಳೊಬ್ಬಳು, ಜಾಗ ಇಲ್ಲ, ಬಿಡು ಅಂದಳು. ದೋಣಿ ಅರ್ಧ ಖಾಲಿಯಿತ್ತು. ಅವನು ಹಗ್ಗ ಬಿಟ್ಟ.

ನಾನು ಹತ್ತಿರ ಹೋಗಿ ನಿಂತೆ. ಅವಳೇ ಕೇಳಿದಳು.

“ಆ ಮನುಷ್ಯ ಮನೆಗೆ ಹೋದನೋ, ಚೇಚೀ?”

“ಹೋದರು.”

“ಮಕ್ಕಳಿದ್ದಾರೋ?”

“ಇದ್ದಾರೆ.”

“ಆಗಲಿ,” ಅಂದಳು. ದೋಣಿ ಹೋದ ಕಡೆಗೇ ನೋಡುತ್ತಿದ್ದಳು. “ಇನ್ನು ನೀವು ಆಚೆ ಹೋಗಿ. ದ್ವೀಪದಲ್ಲಿ ಸಿಹಿನೀರು ಇರುವುದು ಆ ದೋಣಿಯಲ್ಲಿ ಹೋದವರ ಅಂಗಳದ ಬಾವಿಯಲ್ಲಿ ಮಾತ್ರ. ನಿಮ್ಮ ಜೊತೆ ನಿಂತದ್ದನ್ನು ಕಂಡರೆ ನನ್ನ ಮಕ್ಕಳಿಗೆ ಅದೂ ಸಿಗುವುದಿಲ್ಲ.”